ಬಿನ್ ಕಾರ್ಡ್ ಬರೆದವರು, ಗಂಡಭೇರುಂಡ ಹೊತ್ತವರು

2023ರ ಮೈಸೂರು ದಸರಾದಲ್ಲಿ ವಾಯುಪಡೆಯ ಸೂರ್ಯಕಿರಣ ತಂಡದ ವಿಮಾನಗಳು ಬನ್ನಿಮಂಟಪದ ಮೇಲೆ ಹಾರಿದಾಗ ಮಂಡಿ ಮೊಹಲ್ಲಾದ ತಾರಸಿಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಕ್ಕಳು ಕಿರುಚುತ್ತಿದ್ದವು, ದೊಡ್ಡವರು ಮೊಬೈಲ್ ಎತ್ತಿ ಹಿಡಿದಿದ್ದರು. ಅಕ್ಬರ್ ರಸ್ತೆಗೆ ಹೊಂದಿಕೊಂಡ ಗಲ್ಲಿಯೊಂದರ ತಾರಸಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ಮಾತ್ರ ಪಕ್ಕದವರನ್ನು ಕೇಳಿದರಂತೆ: "ಇವು ಯಾವ ಸ್ಟೇಷನ್‌ನಿಂದ ಎದ್ದು ಬಂದಿವೆ? ಪೆಟ್ರೋಲ್ ಎಲ್ಲಿ ಹಾಕಿಸ್ಕೊಂಡ್ರಂತೆ?"

ಈ ಪ್ರಶ್ನೆಯ ಕತೆ ಕೇಳಿ ನನಗೆ ತಡೆಯಲಾಗಲಿಲ್ಲ. ವಿಮಾನ ನೋಡುವ ಜನ ಊರ ತುಂಬ ಇದ್ದಾರೆ. ವಿಮಾನದ ಹಿಂದಿರುವ ಪೆಟ್ರೋಲ್ ಬ್ಯಾರೆಲ್ಲು ಕಾಣುವವರು ಅಪರೂಪ. ಹುಡುಕಿಕೊಂಡು ಹೋದೆ. ಗಲ್ಲಿಯ ಬಾಯಲ್ಲಿದ್ದ ಚಾ ಅಂಗಡಿಯವನು "ಸಾರ್ಜೆಂಟ್ ಸಾಬಾ? ಆ ಹಸಿರು ಬಾಗಿಲು" ಎಂದು ತೋರಿಸಿದ. ಹೆಸರು ಬರೆಯಬೇಡಿ ಎಂದರು ಸಾಬ್. ಬರೆಯುತ್ತಿಲ್ಲ. ಮೊಹಲ್ಲಾದಲ್ಲಿ ಆ ಹೆಸರು ಯಾರಿಗೂ ಬೇಕಾಗಿಯೂ ಇಲ್ಲ.

ಅವರ ತಂದೆ ಮಂಡಿಯ ದಲ್ಲಾಳಿಯೊಬ್ಬರ ಹತ್ತಿರ ಲೆಕ್ಕ ಬರೆಯುತ್ತಿದ್ದವರು. ಹುಣಸೆ, ಬೆಲ್ಲ, ಒಣಮೆಣಸಿನಕಾಯಿ ಮೂಟೆಗಳ ನಡುವೆ ಬೆಳೆದ ಹುಡುಗ 1962ರ ಚೀನಾ ಯುದ್ಧದ ನಂತರದ ಭರ್ತಿಯಲ್ಲಿ ವಾಯುಪಡೆ ಸೇರಿದ. ವಿಮಾನದ ಹತ್ತಿರ ಇರಬೇಕೆಂದು ಆಸೆಪಟ್ಟವನಿಗೆ ಸಿಕ್ಕ ಕಸುಬು ಎಕ್ವಿಪ್‌ಮೆಂಟ್ ಅಸಿಸ್ಟೆಂಟ್, ಅಂದರೆ ಗೋದಾಮಿನ ಕೆಲಸ. "ಅಬ್ಬಾ ನಕ್ಕುಬಿಟ್ರು. ಮಂಡಿ ಬಿಟ್ಟು ಓಡಿಹೋದೋನು ಮತ್ತೆ ಮಂಡಿಗೇ ಬಿದ್ಯಲ್ಲೋ ಅಂದ್ರು."

ಆ ನಗುವಿನಲ್ಲಿ ವಾಯುನೆಲೆಯ ಇಡೀ ವ್ಯವಸ್ಥೆ ಅಡಗಿದೆ ಎಂದು ಸಾಬ್ ನಂಬಿದ್ದಾರೆ. ಅವರ ಮಾತಿನಲ್ಲೇ ಕೇಳಿ: "ನೋಡಿ ಸಾರ್, ಮಂಡೀಗೆ ವರ್ತಕರು ಬರ್ತಾರೆ, ಹೋಗ್ತಾರೆ. ಮಂಡಿ ಎಲ್ಲಿಗೂ ಹೋಗಲ್ಲ. ತೂಕದ ಕಾಟಾ, ಗೋದಾಮು, ಹಮಾಲರು, ಕಾವಲು, ಚಾ ಅಂಗಡಿ ಎಲ್ಲ ಅಲ್ಲೇ ಇರ್ತದೆ. ಸ್ಟೇಷನ್ ಅಂದ್ರೂ ಅದೇನೆ. ಸ್ಕ್ವಾಡ್ರನ್‌ಗಳು ವರ್ತಕರು."

ಪುಸ್ತಕದ ಮಾತಿನಲ್ಲಿ ಹೇಳುವುದಾದರೆ ಹೀಗೆ. ಭಾರತೀಯ ವಾಯುಪಡೆ ಕಾಗದದ ಮೇಲೆ ಹುಟ್ಟಿದ್ದು 1932ರ ಅಕ್ಟೋಬರ್ 8ರಂದು. ಅದರ ಮೊದಲ ವಿಮಾನಗಳು, ನಾಲ್ಕು ವಪಿಟಿ, ಸಜ್ಜಾದದ್ದು 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್ ನೆಲೆಯಲ್ಲಿ. ಈಗ ದೆಹಲಿಯ ವಾಯುಭವನದ ಕೆಳಗೆ ಏಳು ಕಮಾಂಡ್‌ಗಳಿವೆ. ಯುದ್ಧದ ಹೊಣೆಯವು ಐದು: ಪಶ್ಚಿಮ ಕಮಾಂಡ್ ದೆಹಲಿಯಲ್ಲಿ, ನೈಋತ್ಯ ಗಾಂಧಿನಗರದಲ್ಲಿ, ಮಧ್ಯ ಪ್ರಯಾಗ್‌ರಾಜ್‌ನಲ್ಲಿ, ಪೂರ್ವ ಶಿಲ್ಲಾಂಗ್‌ನಲ್ಲಿ, ದಕ್ಷಿಣ ತಿರುವನಂತಪುರದಲ್ಲಿ. ಉಳಿದೆರಡರಲ್ಲಿ ನಿರ್ವಹಣೆಯದು ನಾಗಪುರಕ್ಕೆ, ತರಬೇತಿಯದು ನಮ್ಮ ಬೆಂಗಳೂರಿಗೆ. ಕಮಾಂಡಿನ ಕೆಳಗೆ ವಿಂಗ್ ಅಥವಾ ಸ್ಟೇಷನ್. ಅದರ ಯಜಮಾನ ಏರ್ ಕಮೋಡೋರ್ ಅಥವಾ ಗ್ರೂಪ್ ಕ್ಯಾಪ್ಟನ್. ಅವರ ಕೈಕೆಳಗೆ ಮೂರು ಕೈಗಳು: ಹಾರಾಟ ನೋಡುವವರು, ಎಂಜಿನಿಯರಿಂಗ್ ನೋಡುವವರು, ಆಡಳಿತ ನೋಡುವವರು. ಹವಾಮಾನ, ಏರ್ ಟ್ರಾಫಿಕ್, ಅಗ್ನಿಶಾಮಕ, ಆಸ್ಪತ್ರೆ, ಮೆಸ್, ಶಾಲೆ, ಕ್ಯಾಂಟೀನ್, ಹಕ್ಕಿ ಓಡಿಸುವವರು ಎಲ್ಲ ಈ ಮೂರರಲ್ಲಿ ಒಂದಕ್ಕೆ ಸೇರಿದವರು.

ಸ್ಕ್ವಾಡ್ರನ್ ಬೇರೆಯೇ ಜೀವ. ಅದಕ್ಕೊಂದು ಸಂಖ್ಯೆ, ಒಂದು ಲಾಂಛನ, ಒಂದು ಇತಿಹಾಸ. ಯುದ್ಧವಿಮಾನದ್ದಾದರೆ 16ರಿಂದ 18 ವಿಮಾನ. ಅದು ಇವತ್ತು ಇಲ್ಲಿ, ನಾಳೆ ಅಲ್ಲಿ. ತೇಜಸ್ ಹಾರಿಸುವ 45ನೇ ಸ್ಕ್ವಾಡ್ರನ್ 2016ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಶುರುವಾಗಿ 2018ರಲ್ಲಿ ಕೊಯಮತ್ತೂರು ಬಳಿಯ ಸೂಲೂರಿಗೆ ಹೋಯಿತು. ಹೆಸರು, ಪದಕ, ನೆನಪು ಎಲ್ಲವನ್ನೂ ಕಟ್ಟಿಕೊಂಡು ಹೋಗುತ್ತದೆ. ಬಿಟ್ಟುಹೋಗುವುದು ಖಾಲಿ ಹ್ಯಾಂಗರ್. ಇನ್ನು ಗಡಿಯ ಹತ್ತಿರ ಕೆಲವು ನೆಲೆಗಳಲ್ಲಿ ಕಾಯಂ ಸ್ಕ್ವಾಡ್ರನ್ನೇ ಇರುವುದಿಲ್ಲ. ರನ್‌ವೇ, ಇಂಧನ, ಮದ್ದಿನ ಮನೆ, ಒಂದಷ್ಟು ಜನ. ಬೇಕಾದಾಗ ವಿಮಾನಗಳು ಬಂದಿಳಿಯುತ್ತವೆ. ಅದನ್ನು ಫಾರ್ವರ್ಡ್ ಬೇಸ್ ಸಪೋರ್ಟ್ ಯೂನಿಟ್ ಅನ್ನುತ್ತಾರೆ. "ಅದು ಸಂತೆಮಾಳ ಸಾರ್. ಸಂತೆ ದಿನ ಬಿಟ್ರೆ ಕಾವಲುಗಾರನೂ ನಾಯಿನೂ."

ಹೀಗೆ ಹಂಚಿಡುವುದಕ್ಕೆ ಪೆಟ್ಟು ತಿಂದ ಅನುಭವವೂ ಇದೆ. 1965ರ ಸೆಪ್ಟೆಂಬರ್ 6ರ ಸಂಜೆ ಪಠಾಣ್‌ಕೋಟ್ ನೆಲೆಯ ಮೇಲೆ ಪಾಕಿಸ್ತಾನದ ಸೇಬರ್‌ಗಳು ಎರಗಿದಾಗ ನೆಲದ ಮೇಲೇ ನಮ್ಮ ಹತ್ತು ವಿಮಾನಗಳು ಹೋದವು. ಹಾರುವ ಮೊದಲೇ ಸುಟ್ಟುಹೋದ ವಿಮಾನಗಳು ಕಲಿಸಿದ ಪಾಠದಿಂದ ನೆಲೆಗಳಲ್ಲಿ ಒಂದೊಂದು ವಿಮಾನಕ್ಕೂ ದಪ್ಪ ಗೋಡೆಯ ಗೂಡುಗಳು ಎದ್ದವು. ಬ್ಲಾಸ್ಟ್ ಪೆನ್ ಅಂತ ಕರೆಯುತ್ತಾರೆ. 1971ರಲ್ಲಿ ಭುಜ್ ನೆಲೆಯ ರನ್‌ವೇ ಬಾಂಬಿಗೆ ಹರಿದುಹೋದಾಗ ಮಾಧಾಪರ ಊರಿನ ಮುನ್ನೂರರಷ್ಟು ಹೆಂಗಸರು ಮೂರು ದಿನದಲ್ಲಿ ಅದನ್ನು ಮತ್ತೆ ಕಟ್ಟಿಕೊಟ್ಟರು. ಪೈಲಟ್‌ಗಳ ಹೆಸರು ನಮಗೆ ಗೊತ್ತು, ಗೊತ್ತಿರಲೂಬೇಕು. 1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಎದ್ದು ಸರಗೋಧಾದಿಂದ ಮರಳದ ಕೊಡಗಿನ ಅಜ್ಜಮಾಡ ದೇವಯ್ಯನವರನ್ನು ಮರೆಯುವ ಮಾತೇ ಇಲ್ಲ. ಅವರಿಗೆ ಮಹಾವೀರ ಚಕ್ರ ಸಿಕ್ಕಿದ್ದು ಮಾತ್ರ 1988ರಲ್ಲಿ. ಆದರೆ ಸಿಮೆಂಟು ಹೊತ್ತವರನ್ನೂ ಸೀಲು ಎಣಿಸಿದವರನ್ನೂ ಲೆಕ್ಕಕ್ಕೆ ಹಿಡಿಯುವವರು ಯಾರು?

ಸೀಲು ಎಣಿಸುವುದು ಎಂದರೆ ಏನು ಅಂತ ಸಾಬ್ ನನಗೆ ಒಂದು ಮಧ್ಯಾಹ್ನ ಪೂರ್ತಿ ಹೇಳಿದರು. ಅದನ್ನು ಇಲ್ಲಿ ಸ್ವಲ್ಪ ಹೆಚ್ಚಾಗಿಯೇ ಬರೆಯುತ್ತೇನೆ.

ಸ್ಟೋರಿನಲ್ಲಿ ರ‍್ಯಾಕ್‌ಗಳು, ರ‍್ಯಾಕ್‌ಗಳಲ್ಲಿ ಬಿನ್‌ಗಳು. ಪ್ರತಿ ಬಿನ್ನಿಗೂ ಒಂದು ಕಾರ್ಡು. ಬಂದದ್ದು, ಹೋದದ್ದು, ಉಳಿದದ್ದು, ತಾರೀಖು, ಸಹಿ. ವಸ್ತುವಿಗೆ ಹೆಸರಿದ್ದರೂ ಹೆಸರು ಹಿಡಿದು ಯಾರೂ ಕೇಳುವುದಿಲ್ಲ. ಸೆಕ್ಷನ್ ನಂಬರ್, ರೆಫರೆನ್ಸ್ ನಂಬರ್ ಹೇಳಬೇಕು. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ನೋಡಲು ಒಂದೇ ತರಹ ಇರುವ ಎರಡು ಬೋಲ್ಟುಗಳಲ್ಲಿ ಒಂದು ರೆಕ್ಕೆಗೆ, ಇನ್ನೊಂದು ಏಣಿಗೆ. ತಪ್ಪು ಬೋಲ್ಟು ಕೊಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ರಬ್ಬರಿನ ಸಾಮಾನಿಗೆ ಆಯಸ್ಸು ಬರೆದಿರುತ್ತದೆ. ಟೈರು, ಹೋಸು, ಸಣ್ಣ ಸಣ್ಣ ಓ-ರಿಂಗ್. ಬಳಸದೆ ಇಟ್ಟರೂ ಸಾಯುತ್ತವೆ. ಮೊದಲು ಬಂದದ್ದು ಮೊದಲು ಹೋಗಬೇಕು. "ಹುಣಸೇಹಣ್ಣು ಹಳೇದಾದ್ರೆ ರೇಟು ಜಾಸ್ತಿ. ರಬ್ಬರ್ ಹಳೇದಾದ್ರೆ ಕೋರ್ಟ್ ಆಫ್ ಎಂಕ್ವೈರಿ."

ಇಲ್ಲದ ಸಾಮಾನು ಒಂದೇ ಒಂದು ಇದ್ದರೂ ಸಾಕು, ವಿಮಾನ ನೆಲಕ್ಕಂಟಿ ಕೂರುತ್ತದೆ. ಆಗ ಹೋಗುವ ಬೇಡಿಕೆಗೆ ಎಓಜಿ ಎಂದು ಹೆಸರು: ಏರ್‌ಕ್ರಾಫ್ಟ್ ಆನ್ ಗ್ರೌಂಡ್. ಆ ಮೂರಕ್ಷರ ಕಂಡರೆ ಡಿಪೋದವರು ಊಟ ಬಿಟ್ಟು ಏಳಬೇಕು. ನಾಸಿಕದ ಹತ್ತಿರದ ದೇವಲಾಲಿಯಲ್ಲಿ ಒಂದು, ಪ್ರಯಾಗ್‌ರಾಜ್ ಬಳಿಯ ಮನೌರಿಯಲ್ಲಿ ಒಂದು, ಹೀಗೆ ದೊಡ್ಡ ಡಿಪೋಗಳು ನಾಗಪುರದ ಕಮಾಂಡಿನ ಕೆಳಗಿವೆ. ಅದೇ ಕಮಾಂಡಿನ ರಿಪೇರಿ ಡಿಪೋಗಳಲ್ಲಿ ಇಡೀ ವಿಮಾನ ಬಿಚ್ಚಿ ಮತ್ತೆ ಜೋಡಿಸುತ್ತಾರೆ.

1971ರ ಡಿಸೆಂಬರಿನಲ್ಲಿ ಸಾಬ್ ಪಂಜಾಬಿನ ಆದಂಪುರದಲ್ಲಿದ್ದರು. ಬ್ಲ್ಯಾಕ್‌ಔಟ್. ಟಾರ್ಚಿನ ಗಾಜಿಗೆ ನೀಲಿ ಕಾಗದ ಅಂಟಿಸಿದ್ದರು. ಹೈಡ್ರಾಲಿಕ್‌ನ ಒಂದು ಸೀಲ್ ಬೇಕೆಂದು ರಾತ್ರಿ ಹ್ಯಾಂಗರಿನಿಂದ ಒಬ್ಬ ಕಾರ್ಪೊರಲ್ ಓಡಿಬಂದ. ಕಾರ್ಡಿನಲ್ಲಿ ಎರಡು ಇವೆ, ಬಿನ್ನಿನಲ್ಲಿ ಒಂದೂ ಇಲ್ಲ. ಚಳಿಯಲ್ಲಿ ಬೆರಳು ಮರಗಟ್ಟಿವೆ. ಅಕ್ಕಪಕ್ಕದ ಬಿನ್‌ಗಳನ್ನೆಲ್ಲ ನೆಲಕ್ಕೆ ಸುರಿದು ಹುಡುಕಿದರು. ಕೊನೆಗೆ ಒಂದು ಪೊಟ್ಟಣ ಬಿನ್ನಿನ ಹಿಂದಿನ ತಗಡಿಗೂ ರ‍್ಯಾಕಿಗೂ ನಡುವೆ ಸಿಕ್ಕಿಕೊಂಡಿತ್ತು, ಎರಡೂ ಸೀಲು ಅದರೊಳಗೇ. ಸಹಿ ಹಾಕಿಸಿಕೊಂಡೇ ಕೊಟ್ಟರು. "ಯುದ್ಧ ಆದ್ರೂ ಸೈ, ವೋಚರ್ ಇಲ್ದೆ ಕೊಡಲ್ಲ ಅಂದೆ. ಅವ್ನು ಬೈದ. ಬೆಳಗ್ಗೆ ಆ ವಿಮಾನ ಹೋಯ್ತು. ಯಾರು ಓಡಿಸಿದ್ರೋ ಗೊತ್ತಿಲ್ಲ ಸಾರ್. ಸಂಜೆ ವಾಪಸ್ ಬಂತು, ಅದು ಗೊತ್ತು." ಆಗ ಆದಂಪುರದಲ್ಲಿ ಎಷ್ಟು ವಿಮಾನ ಇದ್ದವು ಎಂದು ಕೇಳಿದೆ. ಅಷ್ಟು ಹೊತ್ತು ಹರಟಿದವರು ಸುಮ್ಮನಾದರು. "ಅದೆಲ್ಲ ಹೇಳೋ ಹಾಗಿಲ್ಲ." ಅರ್ಧ ಶತಮಾನ ಕಳೆದಿದೆ!

ಆ ನೆಲೆಯಲ್ಲೇ ಹಿರಿಯ ಅಧಿಕಾರಿಯೊಬ್ಬರು ಇವರ ಊರು ಕೇಳಿ, "ಮೈಸೂರಾ? ಗಂಡಭೇರುಂಡದ ಸ್ಕ್ವಾಡ್ರನ್ ಗೊತ್ತಾ?" ಎಂದರಂತೆ. ಸಾಬ್‌ಗೆ ಗೊತ್ತಿರಲಿಲ್ಲ. ನಾನು ಮೊಹಲ್ಲಾದಲ್ಲಿ ಕೇಳಿದ ಯಾರಿಗೂ ಗೊತ್ತಿರಲಿಲ್ಲ.

ಅದು ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್. ಎರಡನೇ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನ ವಿಮಾನಗಳಿಗೆ ಹಣ ಕೊಟ್ಟಿತು. ಅದಕ್ಕೇ 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್ ನೆಲೆಯಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಮತ್ತೆ ಕಟ್ಟಿದ ಈ ಸ್ಕ್ವಾಡ್ರನ್ನಿಗೆ 'ಮೈಸೂರು' ಎಂದು ಹೆಸರಾಯಿತು, ಲಾಂಛನದಲ್ಲಿ ನಮ್ಮ ಗಂಡಭೇರುಂಡ ಕೂತಿತು. ಹೈದರಾಬಾದಿನ ನಿಜಾಮರ ದುಡ್ಡಿನಲ್ಲೂ ಇಂಥವು ಇದ್ದವು. ಈ ಸ್ಕ್ವಾಡ್ರನ್ 1942ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಡಿಯೆಪ್ ಮೇಲಿನ ದಾಳಿಯ ದಿನ ಹಾರಿತು. 1944ರಲ್ಲಿ ಮಸ್ಟಾಂಗ್ ವಿಮಾನ ಹತ್ತಿ ಸಸೆಕ್ಸ್‌ನ ಕೂಲಮ್ ಎಂಬ ಹಳ್ಳಿಯ ತಾತ್ಕಾಲಿಕ ನೆಲೆಗೆ ಬಂತು. ಹೊಲದ ಮೇಲೆ ಉಕ್ಕಿನ ಜಾಲರಿ ಹಾಸಿದ ರನ್‌ವೇ. ಅಲ್ಲಿ 133ನೇ ವಿಂಗ್‌ನಲ್ಲಿ ಮೂರು ಸ್ಕ್ವಾಡ್ರನ್: 306, 315, 129. ಮೊದಲೆರಡು ಪೋಲೆಂಡಿನವರದು. ದೇಶ ಕಳೆದುಕೊಂಡ ಪೋಲಿಷ್ ಪೈಲಟ್‌ಗಳ ಪಕ್ಕದಲ್ಲಿ ಮೈಸೂರನ್ನು ಕಂಡೇ ಇರದ ಮೈಸೂರು ಸ್ಕ್ವಾಡ್ರನ್! ನಾರ್ಮಂಡಿ ದಾಳಿಗೆ ಅಲ್ಲಿಂದಲೇ ಹಾರಿದರು. ಆಮೇಲೆ ಬ್ರೆನ್‌ಜೆಟ್ ನೆಲೆಯಿಂದ ಲಂಡನ್ ಕಡೆ ಬರುತ್ತಿದ್ದ ಹಿಟ್ಲರನ ಹಾರುವ ಬಾಂಬುಗಳನ್ನು ಬೆನ್ನಟ್ಟಿದರು. ಯುದ್ಧ ಮುಗಿದ ಮೇಲೆ ನಾರ್ವೆಗೂ ಹೋಗಿಬಂದರು. 1946ರ ಸೆಪ್ಟೆಂಬರ್ 1ರಂದು ಸ್ಕ್ವಾಡ್ರನ್ನಿನ ಸಂಖ್ಯೆ 257 ಎಂದು ಬದಲಾಯಿತು. ಗಂಡಭೇರುಂಡ ಅಲ್ಲಿಗೆ ಇಳಿಯಿತು.

ನೆಲೆ ಬೇರೆ, ಸ್ಕ್ವಾಡ್ರನ್ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಐದು ವರ್ಷದಲ್ಲಿ ಹತ್ತಾರು ನೆಲೆ ಸುತ್ತಿದ ಹೆಸರದು. ನಮ್ಮ ಶಾಲಾ ಪುಸ್ತಕದಲ್ಲಿ ಒಂದು ಸಾಲಿಗೂ ದಕ್ಕಿಲ್ಲವೇಕೆ ಎಂದು ನನಗೆ ಅರ್ಥವಾಗದು. ಬಡ ರೈತನ ಕಂದಾಯವೂ ಸೇರಿದ್ದ ಖಜಾನೆ ತಾನೆ?

ಅದೇ ಖಜಾನೆಯಿಂದ ಆಚೀಚೆಯ ವರ್ಷಗಳಲ್ಲಿ ಇನ್ನೂ ಎರಡು ಕೆಲಸಗಳಾದವು. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದರು ಸಂಸ್ಥಾನದ ಪಾಲುಗಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಇವತ್ತಿನ ಎಚ್‌ಎಎಲ್ ಅದೇ. ಅದೇ ವರ್ಷ ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಇಳಿದಾಣ ಆಯಿತು. ಬೆಂಗಳೂರು ಬೆಳೆಯಿತು. ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು, ಯಲಹಂಕದಲ್ಲಿ ನೆಲೆಯ ಜೊತೆಗೆ 1996ರಿಂದ ಏರೋ ಇಂಡಿಯಾ. ಬೀದರಿನಲ್ಲಿ ಹಾಕ್ ವಿಮಾನದ ಮೇಲೆ ಯುದ್ಧ ಪೈಲಟ್‌ಗಳ ತರಬೇತಿ, ಬೆಳಗಾವಿಯ ಸಾಂಬ್ರಾದಲ್ಲಿ ಏರ್‌ಮನ್‌ಗಳ ಶಾಲೆ. ಮೈಸೂರಿನ ಪಾಲಿಗೆ ಬಂದದ್ದು 1961ರಲ್ಲಿ ಶುರುವಾದ ರಕ್ಷಣಾ ಆಹಾರ ಪ್ರಯೋಗಾಲಯ. ಸೈನಿಕರ ಪೊಟ್ಟಣದ ಊಟ ಅಲ್ಲಿ ರೂಪುಗೊಳ್ಳುತ್ತದೆ. ಇದೂ ಒಂದು ತರಹ ಸ್ಟೋರಿನ ಕೆಲಸವೇ.

ಮಂಡಕಳ್ಳಿ ಮಾತ್ರ ಬಹಳ ಕಾಲ ಹುಲ್ಲು ಬೆಳೆದು ನಿಂತಿತ್ತು. 2010ರಲ್ಲಿ ಮತ್ತೆ ತೆರೆಯಿತು. ರನ್‌ವೇ ಉದ್ದ 1740 ಮೀಟರ್, ಎಟಿಆರ್ ವಿಮಾನಕ್ಕೆ ಸಾಕು. ಯುದ್ಧವಿಮಾನದ ನೆಲೆಗಳಲ್ಲಿ ಸಾಮಾನ್ಯವಾಗಿ 2700 ಮೀಟರ್ ಇಟ್ಟುಕೊಳ್ಳುತ್ತಾರೆ. ಉದ್ದ ಮಾಡಬೇಕೆಂದರೆ ನಂಜನಗೂಡು ರಸ್ತೆಯೂ ರೈಲು ಹಳಿಯೂ ಅಡ್ಡ. ಅದೇ ರಸ್ತೆಯ ಬಂಡೀಪಾಳ್ಯಕ್ಕೇ ಮೊಹಲ್ಲಾದ ಸಗಟು ವ್ಯಾಪಾರವೂ ಎಪಿಎಂಸಿ ಹೆಸರಲ್ಲಿ ಹೋಗಿ ನೆಲೆಸಿದೆ. ಮಂಡಿ ಎಲ್ಲಿಗೂ ಹೋಗಲ್ಲ ಎಂದ ಸಾಬ್‌ಗೆ ಇದನ್ನು ನೆನಪಿಸಿದೆ. ಗಡ್ಡ ಕೆರೆದುಕೊಂಡು, "ಅದು ಸರ್ಕಾರದ ಪೋಸ್ಟಿಂಗ್ ಆರ್ಡರ್ ಸಾರ್, ನಾವೇನು ಮಾಡಕ್ಕಾಗತ್ತೆ" ಎಂದರು.

ಅವರ ಮೊಮ್ಮಗ ಈಗ ಅಗ್ನಿವೀರವಾಯು ಪರೀಕ್ಷೆಗೆ ಓದುತ್ತಿದ್ದಾನೆ. ಇಂಗ್ಲಿಷು, ಗಣಿತ, ಭೌತಶಾಸ್ತ್ರದ ಗೈಡುಗಳು ದಾದಾನ ಮಂಚದ ಮೇಲೇ ಹರಡಿವೆ. ನಾಲ್ಕು ವರ್ಷದ ಸೇವೆ; ಆಮೇಲೆ ನೂರಕ್ಕೆ ಇಪ್ಪತ್ತೈದು ಜನರಿಗೆ ಮೀರದಂತೆ ಉಳಿಸಿಕೊಳ್ಳುತ್ತಾರೆ. ಹುಡುಗನಿಗೆ ಅದರ ಚಿಂತೆಯಿಲ್ಲ. ಬಿನ್ ಕಾರ್ಡಿನ ಬಗ್ಗೆ ಕೇಳಿದರೆ, "ಅದೆಲ್ಲ ಈಗ ಕಂಪ್ಯೂಟರ್ ಅಂಕಲ್" ಎಂದ. ಸಾಬ್ ಅವನ ಮಾತಿಗೆ ಅಡ್ಡ ಬರಲಿಲ್ಲ. ಅವನು ನೀರು ತರಲು ಒಳಗೆ ಹೋದ ಮೇಲೆ ನನ್ನ ಕಡೆ ಬಗ್ಗಿ ಹೇಳಿದರು: "ಒಂದು ಸ್ಟೋರ್ ಕೈಗೆ ಹತ್ತೋಕೆ ನನಗೆ ಆರು ವರ್ಷ ಬೇಕಾಯ್ತು ಸಾರ್. ಇವ್ನು ನಾಲ್ಕರಲ್ಲಿ ಕಲ್ತು ವಾಪಸ್ಸೂ ಬರ್ಬೇಕಂತೆ."