ಆಳಾಗಿ ದುಡಿದ ಮೇಲೆ ಅರಸು

ಪರೀಕ್ಷೆ ಹತ್ತಿರ ಬಂದರೂ ಮೈದಾನ ಬಿಟ್ಟು ಬಾರದ ಮಗನನ್ನು ‘ಆಟ ಅನ್ನ ಹಾಕುತ್ತದೆಯೇನೋ?’ ಎಂದು ಗದರದ ತಂದೆತಾಯಿ ಯಾರಿದ್ದಾರೆ? ಅಮೆರಿಕದಲ್ಲಿ ಆಟ ಅನ್ನ ಹಾಕುವುದೇನೋ ನಿಜ. ಆದರೆ ಆ ಅನ್ನಕ್ಕಾಗಿ ಎಷ್ಟು ವರ್ಷ ಕಾಯಬೇಕು? ಅಲ್ಲಿನ ಕಾಲೇಜು ಫುಟ್‌ಬಾಲ್ ಕೋಚ್ ನಿಕ್ ಸೇಬನ್ ಅವರ ಬದುಕನ್ನು ನೋಡಿದರೆ ಉತ್ತರ ಸಿಗುತ್ತದೆ.

ಅಮೆರಿಕದವರ ಫುಟ್‌ಬಾಲ್ ನಾವು ಒದ್ದು ಆಡುವ ಆಟವಲ್ಲ. ಎರಡೂ ತುದಿ ಚೂಪಾದ ಚೆಂಡನ್ನು ಎಸೆಯುತ್ತ, ಎದೆಗವಚಿಕೊಂಡು ಓಡುತ್ತ ಎದುರಾಳಿಯ ಗಡಿ ದಾಟಿಸಬೇಕು. ಒಂದೊಂದು ತಂಡದಲ್ಲೂ 11 ಆಟಗಾರರು. ನಾಲ್ಕು ಯತ್ನಗಳಲ್ಲಿ 10 ಗಜ ಮುನ್ನುಗ್ಗದಿದ್ದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಯತ್ನಕ್ಕೂ ಹೊಸ ವ್ಯೂಹ. ಆದ್ದರಿಂದ ಇಲ್ಲಿ ಕೋಚ್ ಎಂದರೆ ಸೇನಾಪತಿ!

ಕಾರು ತೊಳೆದ ಪಾಠ

ಸೇಬನ್ ಹುಟ್ಟಿದ್ದು 1951ರಲ್ಲಿ, ಕಲ್ಲಿದ್ದಲು ಗಣಿಗಳ ನಾಡಾದ ವೆಸ್ಟ್ ವರ್ಜೀನಿಯಾದಲ್ಲಿ. ತಂದೆಗೆ ಒಂದು ಪೆಟ್ರೋಲ್ ಬಂಕ್ ಇತ್ತು. ಬಿಡುವಿನಲ್ಲಿ ಊರ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಬಂಕಿಗೆ ಬಂದ ಕಾರುಗಳನ್ನು ತೊಳೆಯುವುದು ಮಗನ ಕೆಲಸ. ಒಂದು ಗೆರೆ ಕಲೆ ಉಳಿದರೂ ಇಡೀ ಕಾರನ್ನು ಮತ್ತೆ ಮೊದಲಿನಿಂದ ತೊಳೆಯಬೇಕಿತ್ತು. ಕಪ್ಪು ಬಣ್ಣದ ಕಾರು ಬಂದರೆ ಹುಡುಗನಿಗೆ ಎದೆ ಧಸಕ್ಕೆನ್ನುತ್ತಿತ್ತಂತೆ.

ಮುಂದೆ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದರು, ಪದವಿಯನ್ನೂ ಪಡೆದರು. ಕೋಚ್ ಆಗುವ ಆಸೆ ಅವರಿಗಿರಲಿಲ್ಲ. ಆದರೆ ಪತ್ನಿ ಟೆರಿಯ ಓದು ಇನ್ನೂ ಮುಗಿದಿರಲಿಲ್ಲ. ಹೇಗೂ ಊರಲ್ಲೇ ಇರಬೇಕಲ್ಲ ಎಂದು, ತಮ್ಮ ಕೋಚ್ ಡಾನ್ ಜೇಮ್ಸ್ ಕರೆದಾಗ 1973ರಲ್ಲಿ ‘ಗ್ರಾಜುಯೇಟ್ ಅಸಿಸ್ಟೆಂಟ್’ ಕೆಲಸಕ್ಕೆ ಒಪ್ಪಿಕೊಂಡರು. ಅದೇ ವರ್ಷ ತಂದೆ ತೀರಿಕೊಂಡರು.

ಏಣಿಯ ಮೆಟ್ಟಿಲುಗಳು

ಈ ವೃತ್ತಿಯಲ್ಲಿ ಹಲವರ ಮೊದಲ ಮೆಟ್ಟಿಲು ಇದೇ. ಸ್ನಾತಕೋತ್ತರ ಪದವಿಗೆ ಓದುತ್ತಲೇ ತಂಡದ ಚಾಕರಿ ಮಾಡಬೇಕು. ಸಾಮಾನ್ಯವಾಗಿ ಶುಲ್ಕ ಮಾಫಿ, ಕೈಗೆ ಅಲ್ಪ ಭತ್ಯೆ. ಎದುರಾಳಿಗಳ ಪಂದ್ಯದ ಚಿತ್ರಗಳನ್ನು ನೋಡಿ ನೋಡಿ ಟಿಪ್ಪಣಿ ಬರೆಯುವುದೇ ಇಲ್ಲಿನ ಪಾಠ. ಎರಡನೇ ಮೆಟ್ಟಿಲು, ಒಂದು ಸ್ಥಾನದ ಆಟಗಾರರಿಗಷ್ಟೇ ತರಬೇತಿ ಕೊಡುವ ಸಹಾಯಕ ಕೋಚ್. ಮೂರನೆಯದು ಇಡೀ ದಾಳಿಯ ಅಥವಾ ಇಡೀ ರಕ್ಷಣೆಯ ಹೊಣೆ. ಕೊನೆಯದು ಮುಖ್ಯ ಕೋಚ್ ಪಟ್ಟ. ಇವೆಲ್ಲದರ ನಡುವೆ ಪ್ರೌಢಶಾಲೆಯ ಪ್ರತಿಭಾವಂತ ಹುಡುಗರ ಮನೆಮನೆಗೆ ಹೋಗಿ, ‘ನಿಮ್ಮ ಮಗನನ್ನು ನಮ್ಮ ಕಾಲೇಜಿಗೆ ಕಳಿಸಿ’ ಎಂದು ತಂದೆತಾಯಿಯರ ಮನವೊಲಿಸುವ ಕೆಲಸವೂ ಇದೆ.

ಸೇಬನ್ ಈ ಏಣಿಯನ್ನು ಹತ್ತಿದ್ದು 17 ವರ್ಷ. ಕೆಂಟ್ ಸ್ಟೇಟ್, ಸಿರಾಕ್ಯೂಸ್, ವೆಸ್ಟ್ ವರ್ಜೀನಿಯಾ, ಒಹಾಯೊ ಸ್ಟೇಟ್, ನೇವಿ, ಮಿಷಿಗನ್ ಸ್ಟೇಟ್, ಹ್ಯೂಸ್ಟನ್ ಎಂದು ಊರೂರು ಅಲೆದರು. ಒಹಾಯೊದಲ್ಲಿ ಎರಡೇ ವರ್ಷಕ್ಕೆ ಕೆಲಸ ಕಳೆದುಕೊಂಡರು. ಟೊಲೆಡೊ ವಿಶ್ವವಿದ್ಯಾಲಯದಲ್ಲಿ ಮುಖ್ಯ ಕೋಚ್ ಆದಾಗ ವಯಸ್ಸು 38.

ಅಲ್ಲಿಗೆ ದಡ ಸೇರಿದರು ಎನ್ನಬೇಡಿ. 1990ರಲ್ಲಿ ಒಂಬತ್ತು ಪಂದ್ಯ ಗೆದ್ದು, ಎರಡನ್ನಷ್ಟೇ ಸೋತರೂ ಮುಂದಿನ ವರ್ಷ ಆ ಪಟ್ಟ ಬಿಟ್ಟು ವೃತ್ತಿಪರ ತಂಡ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ನಲ್ಲಿ ಬಿಲ್ ಬೆಲಿಚಿಕ್ ಅವರ ಕೈಕೆಳಗೆ ಮತ್ತೆ ಸಹಾಯಕರಾದರು. ಮೆಟ್ಟಿಲಿಳಿದು ಕಲಿತದ್ದು ನಾಲ್ಕು ವರ್ಷ!

ಗೆಲುವು ಮತ್ತು ಕಳಂಕ

ಬಳಿಕ ಮಿಷಿಗನ್ ಸ್ಟೇಟ್, ಲೂಸಿಯಾನಾ ಸ್ಟೇಟ್. 2003ರ ಋತುವಿನಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದಾಗ ಅವರಿಗೆ 52 ವರ್ಷ. ನಂತರ ಮಿಯಾಮಿಯ ವೃತ್ತಿಪರ ತಂಡದಲ್ಲಿ ಎರಡು ವರ್ಷ, ಗೆಲುವಿಗಿಂತ ಸೋಲೇ ಹೆಚ್ಚು. ಅಲಬಾಮಾಕ್ಕೆ ಹೋಗುವುದಿಲ್ಲ ಎಂದು 2006ರ ಡಿಸೆಂಬರ್‌ನಲ್ಲಿ ಎಲ್ಲರೆದುರು ಹೇಳಿದವರು, ಎರಡು ವಾರ ಕಳೆಯುವುದರೊಳಗೆ 8 ವರ್ಷಕ್ಕೆ 3.2 ಕೋಟಿ ಡಾಲರ್ ಒಪ್ಪಂದದ ಮೇಲೆ ಅಲ್ಲಿಗೇ ಹೋದರು. ಮಾತಿಗೆ ತಪ್ಪಿದ ಈ ಅಪಖ್ಯಾತಿ ಬಹುಕಾಲ ಬೆನ್ನುಬಿಡಲಿಲ್ಲ.

ಅಲಬಾಮಾದಲ್ಲಿ ಮೊದಲ ವರ್ಷ ಏಳು ಗೆಲುವು, ಆರು ಸೋಲು. ಆಮೇಲಿನದು ಇತಿಹಾಸ. ಅಲ್ಲಿ ಆರು ರಾಷ್ಟ್ರೀಯ ಪ್ರಶಸ್ತಿ, ಒಟ್ಟು ಏಳು. 2022ರ ಜನವರಿಯಲ್ಲಿ ಅವರನ್ನು ಫೈನಲ್‌ನಲ್ಲಿ ಸೋಲಿಸಿದ್ದು ಅವರದೇ ಮಾಜಿ ಸಹಾಯಕ, ಜಾರ್ಜಿಯಾದ ಕಿರ್ಬಿ ಸ್ಮಾರ್ಟ್! 2024ರ ಜನವರಿಯಲ್ಲಿ, 72ನೇ ವಯಸ್ಸಿನಲ್ಲಿ ಸೇಬನ್ ನಿವೃತ್ತರಾದರು.

ಎಲ್ಲರೂ ಸೇಬನ್ ಆಗುವುದಿಲ್ಲ ಎಂಬುದನ್ನೂ ಮರೆಯಬಾರದು. ಅಲ್ಲಿ ಅಗ್ರ ದರ್ಜೆಯ ಕಾಲೇಜು ತಂಡಗಳು 130ಕ್ಕೂ ಹೆಚ್ಚು. ಒಂದೊಂದರಲ್ಲೂ ಮುಖ್ಯ ಕೋಚ್ ಒಬ್ಬರೇ, ಸಹಾಯಕರು ಹತ್ತಾರು. ಹೆಚ್ಚಿನವರಿಗೆ ಆ ಕುರ್ಚಿ ಸಿಗುವುದೇ ಇಲ್ಲ. ಹಾಗಿದ್ದೂ ಕೈಯಲ್ಲೊಂದು ಸ್ನಾತಕೋತ್ತರ ಪದವಿ ಉಳಿಯುತ್ತದೆ. ಓದು ಬಿಟ್ಟು ಆಟವಲ್ಲ, ಓದಿನ ಜೊತೆಗೇ ಆಟ ಎಂಬುದು ಈ ದಾರಿಯ ಗುಟ್ಟು.

‘ಆಳಾಗಿ ದುಡಿ, ಅರಸಾಗಿ ಉಣ್ಣು’ ಎಂದರು ನಮ್ಮ ಹಿರಿಯರು. ಅರಸಾಗುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಕಾರನ್ನು ಕಲೆಯಿಲ್ಲದಂತೆ ತೊಳೆಯುವುದು ಮಾತ್ರ ಖಂಡಿತ ನಮ್ಮ ಕೈಯಲ್ಲೇ ಇದೆ.