ಫೋನು ಸತ್ತರೂ ಫೋಟೊ ಉಳಿದಾವೇನ್ರಿ?

ಗುರುಗುಂಟಾ: ‘ಫೋನು ಹೋದ್ರ ಹೋಗಲಿ ಬಿಡ್ರಿ. ಅಪ್ಪನ ಫೋಟೊ ಅದರಾಗ ಅದಾವ, ಅವಷ್ಟು ತಗದು ಕೊಡ್ರಿ!’

ಗುರುಗುಂಟಾ ಆಗಲಿ, ಲಿಂಗಸುಗೂರು ಆಗಲಿ, ಮೊಬೈಲ್ ರಿಪೇರಿ ಅಂಗಡಿ ಮುಂದೆ ನಿಂತವರ ಅಳಲು ಇದೇ. ದುಡ್ಡು ಕೊಟ್ಟರೆ ಹೊಸ ಫೋನು ಸಿಗುತ್ತದೆ. ತೀರಿಹೋದ ಅಪ್ಪನ ಫೋಟೊ ಯಾವ ಸಂತೆಯಲ್ಲಿ ಸಿಕ್ಕೀತು?

ಫೋಟೊ, ಲೆಕ್ಕಪತ್ರ ಎಲ್ಲ ಇರುವುದು ಬೋರ್ಡಿನ ಮೇಲಿನ ಮೆಮೊರಿ ಐಸಿಯಲ್ಲಿ. ಹಳೆಯ ಮಾದರಿ ಫೋನುಗಳಲ್ಲಿ ಇದರ ಹೊಟ್ಟೆಯಡಿ ಸಾಮಾನ್ಯವಾಗಿ 153 ಸೀಸದ ಗುಂಡುಗಳಂಥ ಬೆಸುಗೆ. ಬಿಸಿಗಾಳಿ ಊದಿ ಐಸಿಯನ್ನೇ ಕಿತ್ತು ಓದುವುದು ಒಂದು ದಾರಿ. ಕಾವು ಹೆಚ್ಚಾದರೆ ಐಸಿಯೂ ಹೋಯಿತು, ಫೋಟೊವೂ ಹೋಯಿತು!

ಇನ್ನೊಂದು ದಾರಿ ಉಂಟು. ಹಟ್ಟಿಯಲ್ಲಿ ಚಿನ್ನ ಬೇಕೆಂದರೆ ಬಂಡೆ ಒಡೆಯಲೇಬೇಕು; ಇಲ್ಲಿ ಒಡೆಯದೆ ತೆಗೆಯುವ ಕಸುಬು. ಕಂಪನಿಯವರು ಬೋರ್ಡಿನ ಮೇಲೆ ‘ಟೆಸ್ಟ್ ಪಾಯಿಂಟ್’ ಎಂಬ ತಾಮ್ರದ ಚುಕ್ಕೆಗಳನ್ನು ಬಿಟ್ಟಿರುತ್ತಾರೆ. ಸೂಕ್ಷ್ಮದರ್ಶಕದ ಕೆಳಗೆ ಫ್ಲಕ್ಸ್ ಹಚ್ಚಿ, ಕೂದಲೆಳೆಯಂಥ ತಂತಿಗಳನ್ನು ಅವಕ್ಕೆ ಬೆಸೆಯಬೇಕು. ಆದೇಶಕ್ಕೊಂದು, ತಾಳಕ್ಕೊಂದು, ಮಾಹಿತಿಗೊಂದು, ನೆಲಕ್ಕೊಂದು, ಕರೆಂಟಿಗೆ ಎರಡು: ಒಟ್ಟು ಆರು ತಂತಿ. ಅವು ಗಿಡ್ಡ ಇರಬೇಕು; ಉದ್ದವಾದರೆ ಓದುವಾಗ ತಪ್ಪು ನುಸುಳುತ್ತದೆ. ಐರನ್ ಒಂದು ಗಳಿಗೆ ಹೆಚ್ಚು ನಿಂತರೆ ಚುಕ್ಕೆಯೇ ಕಿತ್ತು ಬರುತ್ತದೆ.

ತಂತಿ ಕೂತಿತೋ, ಕಂಪ್ಯೂಟರ್ ಐಸಿಯೊಡನೆ ನೇರ ಮಾತಾಡುತ್ತದೆ. ಎಡವಟ್ಟು ಆಗುವುದು ಇಲ್ಲೇ. ಅದೇ ತಂತಿಯಿಂದ ಓದಲೂಬಹುದು, ಬರೆಯಲೂಬಹುದು. ಅವಸರದವರು ಫೋನು ಎಬ್ಬಿಸುವ ಭರಕ್ಕೆ ಹೊಸ ಸಾಫ್ಟ್‌ವೇರ್ ತುಂಬಿಬಿಡುತ್ತಾರೆ. ಫೋನು ಏಳುತ್ತದೆ, ಅಪ್ಪನ ಫೋಟೊ ಅಳಿಸಿಹೋಗಿರುತ್ತದೆ. ಬಲ್ಲ ಕೈಯಾದರೆ ಮೊದಲು ಪೂರ್ತಿ ನಕಲು ತೆಗೆದಿಟ್ಟುಕೊಂಡು, ಆಮೇಲೆ ಬರೆಯುತ್ತದೆ.

ಇದು ಎಲ್ಲ ಫೋನಿಗೂ ನಡೆಯುವ ಮಂತ್ರವಲ್ಲ. 2019ರ ಆಂಡ್ರಾಯ್ಡ್ 10ರೊಂದಿಗೆ ಬಂದ ಫೋನುಗಳಿಂದ ಈಚೆಗೆ ಎಲ್ಲ ಹೊಸ ಫೋನುಗಳೂ ಮಾಹಿತಿಗೆ ಬೀಗ ಹಾಕಿಯೇ ಬರುತ್ತವೆ. ಅದಕ್ಕೂ ಹಿಂದಿನವು ಹಲವು ಹಾಗೇ. ಬೀಗದ ಕೈ ಪ್ರೊಸೆಸರಿಗೆ ಕಟ್ಟಿದ್ದು. ಪ್ರೊಸೆಸರ್ ಸತ್ತಿದ್ದರೆ, ಓದಿ ತೆಗೆದದ್ದು ಬರೀ ಕಸ. ‘ಖಂಡಿತ ತಗದು ಕೊಡ್ತೀನಿ’ ಎಂದು ಮುಂಗಡ ಕೇಳುವವರ ಮಾತಿಗೆ ಮರುಳಾಗಬೇಡಿ.

ಆದ್ದರಿಂದ ಫೋನು ಕೊಡುವ ಮುನ್ನ ಮೂರು ಮಾತು ಕೇಳಿರಿ. ಮೊದಲು ಓದ್ತೀರೋ, ಬರೀತೀರೋ? ಈ ಮಾದರಿಗೆ ಬೀಗ ಅದನೋ, ಇಲ್ಲೋ? ನಮ್ಮ ಮನೆಯ ಫೋಟೊಗಳ ನಕಲನ್ನು ನಮ್ಮ ಎದುರೇ ಅಳಿಸ್ತೀರೋ?

ಕೇಳಲು ನಾಚಿಕೆ ಏಕೆ? ಫೋನು ನಿಮ್ಮದು, ಫೋಟೊದಲ್ಲಿರುವ ಅಪ್ಪನೂ ನಿಮ್ಮವನೇ. ಫೋನು ಬದುಕಿರುವಾಗಲೇ ಇನ್ನೊಂದು ಕಡೆ ನಕಲು ಇಟ್ಟುಕೊಂಡವರಿಗೆ ಈ ಆರು ತಂತಿಯ ಉಸಾಬರಿಯೇ ಬೇಡ!