ಹೊತ್ತವಳು ಒಬ್ಬಳು, ಕಾದವಳು ಇನ್ನೊಬ್ಬಳು

"ಬಾಣಂತನ ಯಾರಿಗೆ ಮಾಡ್ಲಿ ಹೇಳೇ?"

ಮೈಸೂರಿನಿಂದ ದೊಡ್ಡಮ್ಮ ಫೋನ್ ಮಾಡಿ ಹೀಗೆ ಕೇಳಿದಾಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ದೊಡ್ಡಮ್ಮನ ಮಗಳು, ಅಂದರೆ ನಮ್ಮಕ್ಕ, ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಗಂಡ ಅಮೆರಿಕದವರು. ಮದುವೆಯಾಗಿ ಹನ್ನೊಂದು ವರ್ಷ. ನಾಲ್ಕು ಸಲ ಬಸಿರಾಗಿ ನಾಲ್ಕು ಸಲವೂ ನಿಲ್ಲಲಿಲ್ಲ. ಈಗ ಅವಳಿಗೆ ಅವಳಿ ಮಕ್ಕಳು! ಆದರೆ ಬೆಳೆಯುತ್ತಿರುವುದು ಅಕ್ಕನ ಹೊಟ್ಟೆಯಲ್ಲಲ್ಲ, ಎರಡು ಮಕ್ಕಳ ತಾಯಿಯಾದ ಅಲ್ಲಿಯ ಇನ್ನೊಬ್ಬ ಹೆಣ್ಣುಮಗಳ ಹೊಟ್ಟೆಯಲ್ಲಿ.

ವೈದ್ಯರು ಇಟ್ಟಿದ್ದು ಒಂದೇ ಭ್ರೂಣ. ಅವಳಿಯಾದರೆ ಹೊರುವವಳಿಗೆ ಬಿ.ಪಿ. ಏರುವ, ಹೆರಿಗೆ ಬೇಗ ಆಗುವ ಅಪಾಯ ಹೆಚ್ಚು ಅಂತ ಈಗೆಲ್ಲ ಒಂದನ್ನೇ ಇಡಲು ಹೇಳುತ್ತಾರೆ. ಅಪರೂಪಕ್ಕೆ ಆಗುವಂತೆ ಅದೇ ಒಡೆದು ಎರಡಾಯಿತು. "ಹನ್ನೊಂದು ವರ್ಷದ ಬಡ್ಡಿ ಕಣೇ" ಅಂತ ಅಕ್ಕ ನಗುತ್ತಾಳೆ.

ಮುಚ್ಚಿಡೋದೋ, ಹೇಳೋದೋ?

ದೊಡ್ಡಮ್ಮನಿಗೆ ಮೊದಲು ಕಾಡಿದ್ದು ನೆಂಟರ ಚಿಂತೆ. "ನೀನೇ ಹೊತ್ತೆ ಅಂತ ಹೇಳಿಬಿಡೋಣ, ಇಲ್ಲಿಂದ ಬಂದು ಯಾರು ನೋಡ್ತಾರೆ?" ಅಂದರಂತೆ. ಅಕ್ಕ ಒಪ್ಪಲಿಲ್ಲ. "ಅಮ್ಮಾ, ಮಕ್ಕಳು ಬರೋಕೆ ಮೊದಲೇ ಅವರ ಹೆಸರಲ್ಲಿ ಒಂದು ಸುಳ್ಳು ಶುರು ಮಾಡೋದಾ?" ಅಂದಳು.

ಅವಳ ಮಾತು ನನಗೂ ಸರಿ ಅನಿಸಿತು. ಸುಳ್ಳು ಹೇಳಿದರೆ ಒಬ್ಬರಿಗೆ ಹೇಳಿ ಮುಗಿಯೋದಿಲ್ಲ. ಫೋಟೋ ಕೇಳಿದಾಗೊಂದು, ಸೀಮಂತ ಯಾಕಿಲ್ಲ ಅಂದಾಗೊಂದು ಹೇಳುತ್ತಲೇ ಇರಬೇಕು. ಮುಂದೊಂದು ದಿನ ಮದುವೆ ಮನೆಯಲ್ಲಿ ಯಾರದೋ ಬಾಯಿಂದ ಮಕ್ಕಳ ಕಿವಿಗೆ ಬಿದ್ದರೆ? ತೊಟ್ಟಿಲಲ್ಲಿರುವಾಗಿನಿಂದಲೇ ಕಥೆಯಂತೆ ಹೇಳುತ್ತಾ ಬಂದರೆ ಅವರಿಗೆ ಅದು ಆಘಾತವಲ್ಲ, ತಮ್ಮ ಹುಟ್ಟಿನ ಕಥೆ ಅಷ್ಟೇ. ಕೊನೆಗೆ ದೊಡ್ಡಮ್ಮ ತಾವೇ ಹತ್ತಿರದವರಿಗೆಲ್ಲ ಫೋನ್ ಮಾಡಿ ಹೇಳಿದರು. ನಾಲ್ಕು ಜನ ಏನೋ ಅಂದರು. ಮಿಕ್ಕವರು "ಒಳ್ಳೇದಾಗ್ಲಿ" ಅಂದರು.

ಮೊದಲು ಕಾಗದ ಪತ್ರ

ಕ್ಯಾಲಿಫೋರ್ನಿಯಾದಲ್ಲಿ ಹೊರುವ ತಾಯಿಗೆ ಹಣ ಕೊಡಲು ಕಾನೂನು ಒಪ್ಪುತ್ತದೆ. ಮಕ್ಕಳು ಹುಟ್ಟುವ ಮೊದಲೇ ತಂದೆತಾಯಿ ಯಾರು ಅಂತ ಕೋರ್ಟಿನಿಂದ ಆದೇಶ ಪಡೆಯಬಹುದು. ನಮ್ಮಲ್ಲಿ ಹಾಗಲ್ಲ. 2022ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಹಣಕ್ಕಾಗಿ ಬಾಡಿಗೆ ತಾಯ್ತನ ನಿಷಿದ್ಧ. ವೈದ್ಯಕೀಯ ವೆಚ್ಚ, ವಿಮೆಯಂಥವು ಮಾತ್ರ ಕೊಡಬಹುದು. ಹೊರುವವಳು ಮದುವೆಯಾಗಿ ಸ್ವಂತ ಮಗುವಿರುವ, 25ರಿಂದ 35 ವರ್ಷದೊಳಗಿನವಳಾಗಿರಬೇಕು, ಅದೂ ಜೀವನದಲ್ಲಿ ಒಂದೇ ಸಲ.

ಕಾಗದ ಪತ್ರ ಸರಿಯಿಲ್ಲದಿದ್ದರೆ ಏನಾಗುತ್ತದೆ ಗೊತ್ತೇ? 2008ರಲ್ಲಿ ಗುಜರಾತಿನ ಆಣಂದದಲ್ಲಿ ಜರ್ಮನ್ ದಂಪತಿಗೆ ಹೀಗೆಯೇ ಅವಳಿ ಗಂಡುಮಕ್ಕಳು ಹುಟ್ಟಿದವು. ಜರ್ಮನಿಯ ಕಾನೂನು ಬಾಡಿಗೆ ತಾಯ್ತನವನ್ನು ಒಪ್ಪುತ್ತಿರಲಿಲ್ಲ. ಅತ್ತ ಆ ದೇಶದವರೂ ಅಲ್ಲ, ಇತ್ತ ನಮ್ಮವರೂ ಅಲ್ಲ ಅನ್ನುವಂತಾಗಿ, ಕೋರ್ಟು ಕಚೇರಿ ಅಲೆದು ಮಕ್ಕಳು ಭಾರತ ಬಿಟ್ಟು ಹೊರಡುವಾಗ 2010 ಬಂದಿತ್ತು. ಎರಡು ದೇಶದ ನಂಟಿರುವವರು ತೊಟ್ಟಿಲಿಗಿಂತ ಮೊದಲು ವಕೀಲರನ್ನು ನೋಡಬೇಕು.

ಎರಡು ಅಜ್ಜಿಯರು, ಎರಡು ಪದ್ಧತಿ

ಅಲ್ಲಿಯ ಅತ್ತೆ ಆರನೇ ತಿಂಗಳಿಗೇ ಮಕ್ಕಳ ಕೋಣೆಗೆ ಬಣ್ಣ ಹೊಡೆಸಿ ಮಂಚ ತಂದಿಟ್ಟರು. ಇಲ್ಲಿ ದೊಡ್ಡಮ್ಮ "ಹುಟ್ಟೋಕೆ ಮುಂಚೆ ಏನೂ ತರಬಾರದು" ಅಂತ ಒದ್ದಾಡಿದರು. ಹಳೇ ಸೀರೆಯ ಮೆತ್ತನೆ ಬಟ್ಟೆ ಮಾತ್ರ ಒಗೆದು ಮಡಚಿಟ್ಟರು.

ಅಕ್ಕ, ಭಾವ ಇಬ್ಬರೂ ಕೂತು ಒಂದು ಪಟ್ಟಿ ಮಾಡಿದರು. ಯಾವ ಪದ್ಧತಿ ಯಾರದು ಅನ್ನೋದಕ್ಕಿಂತ, ಮಗುವಿಗೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದೇ ಲೆಕ್ಕ. ವೈದ್ಯರು ಒಪ್ಪಿದ ಮೇಲೆ ಹಗುರವಾಗಿ ಎಣ್ಣೆ ಸವರಿ ಸ್ನಾನ ಉಂಟು. ತೊಟ್ಟಿಲ ಶಾಸ್ತ್ರ, ಲಾಲಿ ಹಾಡು ಉಂಟು. ಜೇನು ನೆಕ್ಕಿಸೋದು, ಕಣ್ಣಿಗೆ ಕಪ್ಪು, ಸಾಂಬ್ರಾಣಿ ಹೊಗೆ ಇಲ್ಲ. ಮಲಗಿಸೋದು ಅಂಗಾತ, ಬೇರೆ ಮಂಚದಲ್ಲಿ, ದಿಂಬಿಲ್ಲದೆ, ಆದರೆ ಅಪ್ಪ ಅಮ್ಮನ ಕೋಣೆಯಲ್ಲೇ. ಅಮ್ಮ ಕನ್ನಡ, ಅಪ್ಪ ಇಂಗ್ಲಿಷ್. ಎರಡು ಭಾಷೆ ಕೇಳಿದರೆ ಮಕ್ಕಳಿಗೆ ಗೊಂದಲವಾಗುತ್ತದೆ ಅನ್ನೋದು ನಿಜವಲ್ಲ. ಹೆಸರು ಮಾತ್ರ ಎರಡೂ ಅಜ್ಜಿಯರ ನಾಲಿಗೆ ಹೊರಳುವಂಥದ್ದು!

ಹೊರದ ತಾಯಿಯ ಅಳುಕು

ಒಂದು ರಾತ್ರಿ ಅಕ್ಕ ಫೋನಿನಲ್ಲಿ ಅತ್ತಳು. "ನಾನು ಹೊತ್ತಿಲ್ಲ, ಹಾಲಿಲ್ಲ. ಮಕ್ಕಳು ನನ್ನನ್ನ ಅಮ್ಮ ಅಂದ್ಕೋತಾವಾ?" ಸಾಂತ್ವನಕ್ಕೆ ಏನು ಹೇಳಲಿ? ಅಲ್ಲಿಯ ನರ್ಸ್ ಅವಳಿಗೆ ದಾರಿ ತೋರಿಸಿದ್ದಾರೆ. ಹುಟ್ಟಿದ ಕೂಡಲೇ ಮಗುವನ್ನು ಬರೀ ಎದೆಗೆ ಒರಗಿಸಿಕೊಳ್ಳುವುದು, ತಾನೂ ಗಂಡನೂ ತಲಾ ಒಂದೊಂದು. ಪಂಪ್ ಮಾಡಿ ಅಭ್ಯಾಸ ಮಾಡಿದರೆ ಹೊರದ ತಾಯಿಗೂ ಸ್ವಲ್ಪ ಹಾಲು ಬರಬಹುದು, ಬರದಿದ್ದರೆ ಬಾಟಲಿ ಹಾಲು ಕುಡಿಸುವಾಗಲೂ ಎದೆಗವಚಿಕೊಳ್ಳಬಹುದು. ತಾಯ್ತನ ಒಂಬತ್ತು ತಿಂಗಳಿಗೇ ಮುಗಿಯುವ ಕೆಲಸ ಅಲ್ಲವಲ್ಲ?

ಇನ್ನು ದೊಡ್ಡಮ್ಮನ ಪ್ರಶ್ನೆ. ಬಾಣಂತನ ಯಾರಿಗೆ? ಉತ್ತರ ಅವರೇ ಕಂಡುಕೊಂಡರು. ಮೊನ್ನೆ ಫೋನ್ ಮಾಡಿ, "ಅಂಟಿನುಂಡೆ ಎರಡು ಡಬ್ಬಿ ಕಟ್ತೀನಿ ಕಣೇ. ಒಂದು ನಮ್ಮ ಹುಡುಗಿಗೆ, ರಾತ್ರಿಯೆಲ್ಲ ಎದ್ದಿರಬೇಕಲ್ಲ. ಇನ್ನೊಂದು ಆ ತಾಯಿಗೆ. ಹೆತ್ತ ಒಡಲು ಯಾರದಾದ್ರೇನು, ಅದಕ್ಕೂ ಆರೈಕೆ ಬೇಡ್ವಾ?" ಅಂದರು.

ಮುಂದಿನ ತಿಂಗಳು ದೊಡ್ಡಮ್ಮನ ವಿಮಾನ. ಸೂಟ್‌ಕೇಸಿನಲ್ಲಿ ಎರಡು ಡಬ್ಬಿ, ಎರಡು ಕುಲಾವಿ, ಎರಡು ಸೀರೆ.

ನೆನಪಿರಲಿ

* ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರಕ್ಕೆ ಮೊದಲೇ ಹುಟ್ಟುತ್ತವೆ. ಪ್ರಯಾಣ, ರಜೆ, ಹಣ ಎಲ್ಲವನ್ನೂ ಬೇಗ ಹೊಂದಿಸಿಕೊಳ್ಳಿ.
* ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಎರಡಿದ್ದರೆ ಲೆಕ್ಕ ಹಾಕಿ! ರಾತ್ರಿ ಪಾಳಿ ಮೊದಲೇ ಹಂಚಿಕೊಳ್ಳಿ.
* ಮಗು ನೋಡಿಕೊಳ್ಳಲು ಹೋಗುವ ಅಜ್ಜಿ-ತಾತಂದಿರು ನಾಯಿಕೆಮ್ಮು, ಫ್ಲೂ ಲಸಿಕೆಯನ್ನು ಎರಡು ವಾರ ಮುಂಚೆಯೇ ಹಾಕಿಸಿಕೊಳ್ಳಲಿ.
* ವರ್ಷ ತುಂಬುವವರೆಗೆ ಜೇನು ಒಂದು ಹನಿಯೂ ಬೇಡ.
* ಹೊತ್ತ ತಾಯಿಯ ಜೊತೆ ಹೆರಿಗೆಯ ನಂತರ ಎಷ್ಟು ಸಂಪರ್ಕ ಇರಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ.